ಸಣ್ಣ ವ್ಯಾಪಾರಕ್ಕೆ ಮೊಬೈಲಿನ ನೆರವು



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಮಾರಿದವರು ನಿಮ್ಮಲ್ಲಿ ಅನೇಕರಿದ್ದೀರಿ. ದಳ್ಳಾಳಿಯು ಟವೆಲಿನ ಕೆಳಗೆ ನಿಮ್ಮ ಕೈ ಹಿಡಿದು, ಬೆರಳು ಅದುಮಿ ಬೆಲೆ ಹೇಳುತ್ತಾನೆ. ಪಕ್ಕದ ಜೋಡಿಗೆ ಎಷ್ಟು ಬಂದಿತೆಂಬುದು ನಿಮಗೆ ತಿಳಿಯದು. ಕಡಲೆಕಾಯಿ, ಹುಣಿಸೆಹಣ್ಣು ಮಾರುವಾಗಲೂ ನಮ್ಮ ಪಾಡು ಬಹುಕಾಲ ಹೀಗೆಯೇ ಇತ್ತು. ಮನೆ ಬಾಗಿಲಿಗೆ ಬಂದ ಒಬ್ಬ ವ್ಯಾಪಾರಿ ಹೇಳಿದ್ದೇ ಬೆಲೆ. ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲು ಆ ಟವೆಲನ್ನು ಸರಿಸಬಲ್ಲದು. ಅದನ್ನು ಹೇಗೆ ಬಳಸಿದರೆ ಲಾಭ, ಎಲ್ಲಿ ಎಚ್ಚರ ತಪ್ಪಿದರೆ ನಷ್ಟ ಎಂಬುದನ್ನು ಇಲ್ಲಿ ವಿವರಿಸಿದೆ.

ಗೂಡಿನ ಮಾರುಕಟ್ಟೆಯ ಪಾಠ

ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ರೇಷ್ಮೆ ಬೆಳೆಯುವವರು ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜನ್ನು ಕಂಡಿದ್ದೀರಿ. ಗೂಡನ್ನು ಜಾಲರಿಯಲ್ಲಿ ಸುರಿದ ಮೇಲೆ ರೀಲರುಗಳು ಅದನ್ನು ನೋಡಿ, ತಮ್ಮ ಮೊಬೈಲಿನ ಮೂಲಕವೇ ಬೆಲೆ ನಮೂದಿಸುತ್ತಾರೆ. ಒಂದೇ ಲಾಟಿಗೆ ಹಲವರ ಪೈಪೋಟಿ ನಡೆಯುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಗೂಡು ಮೆತ್ತಗಿದ್ದರೆ ಯಾವ ಯಂತ್ರವೂ ಒಳ್ಳೆಯ ಬೆಲೆ ಕೊಡಿಸಲಾರದು. ಮೊದಲು ಮಾಲು, ಆಮೇಲೆ ಮೊಬೈಲು.

ಬೆಲೆ ನೋಡಿ, ಲೆಕ್ಕವನ್ನೂ ಹಾಕಿ

ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ಬೆಲೆಯನ್ನು ನೋಡಬಹುದು. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿ. ಬೇಸಾಯದ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಕರೆಗೆ ಹಣ ಬೀಳುವುದಿಲ್ಲ.

ದೂರದ ಬೆಲೆ ಹೆಚ್ಚೆಂದು ಕಂಡ ಕೂಡಲೇ ಗಾಡಿ ಕಟ್ಟಬೇಡಿ. ನಿಮ್ಮಲ್ಲಿ 40 ಬಾಕ್ಸ್ ಟೊಮೇಟೊ ಇದೆಯೆಂದು ಇಟ್ಟುಕೊಳ್ಳಿ. ಹತ್ತಿರದಲ್ಲಿ ಬಾಕ್ಸಿಗೆ 200 ರೂಪಾಯಿ, ದೂರದಲ್ಲಿ 240 ರೂಪಾಯಿ. ಹೆಚ್ಚಿಗೆ ಬರುವುದು 1,600 ರೂಪಾಯಿ. ಗಾಡಿ ಬಾಡಿಗೆ ಮತ್ತು ಹಮಾಲಿ ಸೇರಿ 1,800 ರೂಪಾಯಿ ಹೆಚ್ಚಿಗೆ ಖರ್ಚಾದರೆ ಕೈಯಿಂದ 200 ರೂಪಾಯಿ ಹೋಯಿತು. ನೆರೆಯವರು ಇಬ್ಬರು ಸೇರಿ ಒಂದೇ ಗಾಡಿಯಲ್ಲಿ ಹಾಕಿದರೆ ಅದೇ ಲೆಕ್ಕ ಲಾಭಕ್ಕೆ ತಿರುಗುತ್ತದೆ.

ಚಿತ್ರ ಹಾಕುವ ಕ್ರಮ

ಗಾಣದ ಎಣ್ಣೆ, ರಾಗಿ ಹುರಿಹಿಟ್ಟು, ಬೀಜ ಬಿಡಿಸಿದ ಹುಣಿಸೆ ಮೊದಲಾದವನ್ನು ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಲ್ಲಿ ತೋರಿಸಿ ಮಾರಬಹುದು. ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಮೂಟೆಯ ಬಾಯಿಯನ್ನಷ್ಟೇ ಅಲ್ಲ, ತಳದ ಮಾಲನ್ನೂ ತೋರಿಸಿ. ಜೊತೆಗೆ ತೂಕ, ಬೆಲೆ, ತಯಾರಿಸಿದ ದಿನ, ಊರಿನ ಹೆಸರು, ಸಾಗಣೆ ಖರ್ಚು ಯಾರದೆಂಬುದು, ಇಷ್ಟನ್ನು ಬರೆಯಿರಿ. ತಿನ್ನುವ ಪದಾರ್ಥ ತಯಾರಿಸಿ ಮಾರುವವರು ಆಹಾರ ಸುರಕ್ಷತಾ ನೋಂದಣಿಯನ್ನು ಮೊದಲೇ ಮಾಡಿಸತಕ್ಕದ್ದು.

ಅಲೀಪುರದಲ್ಲಿ ಹರಳಿನ ವ್ಯಾಪಾರ ಮಾಡುವವರಿದ್ದಾರೆ. ಹರಳನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡದೆ ತಿಳಿದವರು ಕೊಳ್ಳುವುದಿಲ್ಲ. ನಮ್ಮ ಮಾಲಿಗೂ ಅದೇ ನ್ಯಾಯ. ಹೊಸ ಗಿರಾಕಿಗೆ ಮೊದಲು ಕಾಲು ಕಿಲೋ ಮಾದರಿ ಕಳುಹಿಸಿ. ಮಾದರಿಯಲ್ಲಿ ಇದ್ದಂತೆಯೇ ಮೂಟೆಯಲ್ಲಿಯೂ ಇರಲಿ. ಒಬ್ಬ ಗಿರಾಕಿಗೆ ಮೋಸವಾದರೆ ಅವನು ಅದೇ ಮೊಬೈಲಿನಲ್ಲಿ ನೂರು ಜನರಿಗೆ ತಿಳಿಸುತ್ತಾನೆ.

ಬೆಲೆ ಬಿದ್ದಾಗ

2021ರಲ್ಲಿ ಕರಾವಳಿ ಮತ್ತು ಮಲೆನಾಡಿನ ಕಡೆ ಬಾಳೆಗೆ ಬೆಲೆ ಬಿದ್ದಿತ್ತು. ಆಗ ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಶ್ರೀ ಪಡ್ರೆಯವರೂ ಅವರ ಸಂಗಡಿಗರೂ ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡುವ ಕ್ರಮವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಡಿದರು. ಇದಕ್ಕೆ 'ಬಾಕಾಹು' ಎಂದು ಹೆಸರು. ಬಾಳೆಕಾಯಿ ಹುಡಿ ಎಂದರ್ಥ. ಗೃಹಿಣಿಯರು ಅದರಿಂದ ರೊಟ್ಟಿ, ದೋಸೆ ಮಾಡಿ ಚಿತ್ರ ಹಾಕಿದರು. ಕೆಲವರು ಹುಡಿಯನ್ನು ಮಾರಲೂ ತೊಡಗಿದರು. ಸರ್ಕಾರದ ಹಣಕ್ಕಾಗಿ ಯಾರೂ ಕಾಯಲಿಲ್ಲ. ಒಬ್ಬರು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟರು, ಅಷ್ಟೇ. ನಮ್ಮ ಸ್ತ್ರೀಶಕ್ತಿ ಸಂಘಗಳವರು ಇದನ್ನು ಗಮನಿಸಬೇಕು.

ಹಣದ ವಿಷಯದಲ್ಲಿ ಎಚ್ಚರ

ನನ್ನ ವಲಯದ ಒಬ್ಬ ರೈತರಿಗೆ ಆದದ್ದನ್ನು ಹೇಳುತ್ತೇನೆ. ಕಡಲೆಕಾಯಿ ಚಿತ್ರ ನೋಡಿದ ಅಪರಿಚಿತನೊಬ್ಬ ಫೋನು ಮಾಡಿ, ಆರು ಮೂಟೆಗೆ ಬೆಲೆ ಕುದುರಿಸಿ, "ಮುಂಗಡ ಕಳುಹಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಯಜಮಾನರೇ" ಎಂದ. ಅವರು ಒತ್ತಿದರು. ಹಣ ಬರಲಿಲ್ಲ, ಖಾತೆಯಲ್ಲಿದ್ದ 6,000 ರೂಪಾಯಿ ಹೋಯಿತು. ಅದು ಮಗಳ ಶಾಲೆಯ ಶುಲ್ಕಕ್ಕೆಂದು ಕೂಡಿಟ್ಟದ್ದು. ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ನನ್ನ ಬಳಿ ಬರುವಷ್ಟರಲ್ಲಿ ಕಾಲ ಮೀರಿತ್ತು.

ಆದ್ದರಿಂದ ಈ ಮೂರನ್ನು ಮನೆಯವರಿಗೆಲ್ಲ ತಿಳಿಸಿ:

1. ಪಿನ್ ಬೇಕಾಗುವುದು ಹಣ ಕೊಡುವಾಗ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ.

2. ಹಣ ಕಳುಹಿಸಿದ ಚಿತ್ರ ತೋರಿಸಿದರೆ ಸಾಲದು. ನಿಮ್ಮ ಖಾತೆಯಲ್ಲಿ ಜಮೆಯಾದದ್ದನ್ನು ನೋಡಿದ ಮೇಲೆಯೇ ಮೂಟೆ ಗಾಡಿಗೇರಲಿ.

3. ಮೋಸವಾದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದರಲ್ಲಿ ನಾಚಿಕೆಪಡಬೇಕಾದವನು ಮೋಸ ಮಾಡಿದವನು, ನೀವಲ್ಲ.

ಈ ವಾರ ನಿಮ್ಮ ಬೀದಿಯ ಐದು ಮನೆಯವರು ಒಂದು ಕಡೆ ಕುಳಿತು, ಯಾರ ಮನೆಯಲ್ಲಿ ಏನು ಮಾರಾಟಕ್ಕಿದೆಯೆಂದು ಪಟ್ಟಿ ಮಾಡಿ. ಒಳ್ಳೆಯ ಫೋನು ಐವರಲ್ಲಿ ಒಬ್ಬರಿಗಿದ್ದರೂ ಸಾಕು. ಕರೆದರೆ ನಾನೂ ಬಂದು ಜೊತೆಗೆ ಕುಳಿತುಕೊಳ್ಳುತ್ತೇನೆ.

— ಗ್ರಾಮ ಸೇವಕ, ಅಲೀಪುರ ವಲಯ