ಕಡತದ ಹೆಸರೂ ಒಡಲೂ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನ್ನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಗಣಕಯಂತ್ರಕ್ಕೆ ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ತಿಳಿಸುವುದು ರೂಢಿ. ಇಂದಿನ ಲಿನಕ್ಸಿನಲ್ಲಿಯೂ ಅದೇ ಕ್ರಮವುಂಟು. ಇಲ್ಲಿ ಫೋಲ್ಡರೆಂಬುದು ಕಡತಗಳನ್ನು ತುಂಬಿದ ಪೆಟ್ಟಿಗೆಯಲ್ಲ, ಹೆಸರುಗಳ ಪಟ್ಟಿ; ಬರಹದ ಒಡಲು ಡಿಸ್ಕಿನಲ್ಲಿ ಬೇರೆಡೆಯಿರುತ್ತದೆ. ಆದುದರಿಂದಲೇ ಕಡತವನ್ನು ಸ್ಥಳಾಂತರಿಸುವುದಕ್ಕೂ ಅದರ ಹೆಸರನ್ನು ಬದಲಿಸುವುದಕ್ಕೂ ‘ಎಂವಿ’ ಎಂಬ ಒಂದೇ ಆಜ್ಞೆ ಸಾಕಾಗುತ್ತದೆ. ಅರ್ಧಮಾತ್ರೆಯ ಲಾಘವಕ್ಕೂ ಹಿಗ್ಗುವ ವೈಯಾಕರಣರು ಮೆಚ್ಚತಕ್ಕ ಯೋಜನೆಯಿದು! ‘ಎಲ್‌ಎನ್’ ಆಜ್ಞೆಯಿಂದ ಅದೇ ಒಡಲಿಗೆ ಮತ್ತೊಂದು ಹೆಸರನ್ನೂ ಇಡಬಹುದು.

‘ಆರ್‌ಎಂ’ ಅಳಿಸುವುದು ಹೆಸರನ್ನು ಮಾತ್ರ. ಆದರೆ ಕಡೆಯ ಹೆಸರೂ ಅಳಿದರೆ ಒಡಲಿದ್ದ ಸ್ಥಳವನ್ನು ಯಂತ್ರವು ಅನ್ಯ ಬರಹಕ್ಕೆ ಬಿಟ್ಟುಕೊಡುತ್ತದೆ. ಕಸದ ಬುಟ್ಟಿಯಿಂದ ಮರಳಿ ಎತ್ತಿಕೊಳ್ಳುವ ಅನುಕೂಲ ಇಲ್ಲಿಲ್ಲ. ಹಳೆಯ ದಾಖಲಾತಿ ಪುಸ್ತಕಗಳನ್ನು ಗಣಕಕ್ಕೇರಿಸುವ ಶಾಲೆಗಳು ‘ಆರ್‌ಎಂ’ನ ಮುಂದೆ ಕಿರುಗೆರೆಯೊಡನೆ ‘ಐ’ ಅಕ್ಷರವನ್ನು ಸೇರಿಸುವುದು ಕ್ಷೇಮ. ಆಗ ಯಂತ್ರವು ಪ್ರತಿಯೊಂದು ಕಡತವನ್ನು ಅಳಿಸುವ ಮುನ್ನವೂ ಅನುಮತಿಯನ್ನು ಕೇಳುತ್ತದೆ.