ಆಟಿ ಅಮಾವಾಸ್ಯೆಗೆ ಹಾಲೆ ಮರ ಹುಡುಕುವ ಮುನ್ನ



ಮುಂಬಯಿಯಲ್ಲಿ ಗಟಾರಿ ಆಚರಿಸುವ ಆಷಾಢದ ಅಮಾವಾಸ್ಯೆಯಂದೇ ಸಾಮಾನ್ಯವಾಗಿ ನಮ್ಮ ತುಳು-ಕನ್ನಡಿಗರ ಮನೆಗಳಲ್ಲಿ ಆಟಿ ಅಮಾವಾಸ್ಯೆ. ಉಳಿದವರು ಗ್ಲಾಸೆತ್ತುವ ದಿನ ನಮ್ಮವರು ಬರಿಹೊಟ್ಟೆಯಲ್ಲಿ ಕಹಿ ಕಷಾಯ ಕುಡಿದು ಮುಖ ಕಿವುಚುತ್ತಾರೆ!

ಅದು ಹಾಲೆ ಮರದ ತೊಗಟೆಯ ಕಷಾಯ. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ, ಮರಾಠಿಯಲ್ಲಿ ಸಾತವೀಣ್. ಸೂರ್ಯೋದಯಕ್ಕೆ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಅದನ್ನು ಅರೆದು ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾಯಿಸಿದ ಬಿಳಿಕಲ್ಲನ್ನು ಮುಳುಗಿಸಿ ಒಗ್ಗರಣೆ ಕೊಡುವುದು ವಾಡಿಕೆ. ದೇಹಕ್ಕೆ ಉಷ್ಣವಾಗದಿರಲೆಂದು ಹಿಂದೆಯೇ ಮೆಂತ್ಯದ ಗಂಜಿ.

ಕತ್ತಿ ಏಕೆ ಬೇಡ? ಲೋಹ ತಾಗಿದರೆ ಗುಣ ಕೆಡುತ್ತದೆ ಎನ್ನುತ್ತಾರೆ ಹಿರಿಯರು. ನನಗನ್ನಿಸುವುದು ಬೇರೆ: ಕಲ್ಲಿನಿಂದ ಒಂದು ಹಿಡಿ ತೊಗಟೆಯಷ್ಟೇ ಬರುತ್ತದೆ, ಕತ್ತಿಯಾದರೆ ಸುತ್ತಲೂ ಸುಲಿಯುವ ಆಸೆ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಊರಿನಲ್ಲಿ ಗುಡ್ಡದ ತುಂಬ ಮರಗಳು, ಮನೆಗೊಂದು ತುಂಡು. ಇಲ್ಲಿ ಬೀದಿಬದಿಯ ಒಂದೇ ಮರಕ್ಕೆ ಹತ್ತಾರು ಮನೆಯವರು! 1975ರ ಮಹಾರಾಷ್ಟ್ರ ಮರ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ನಗರದ ಮರಕ್ಕೆ ಹಾನಿ ಮಾಡುವುದು ಅಪರಾಧವೂ ಹೌದು. ಸೊಸೈಟಿಯ ಆವರಣದ ಮರವಾದರೂ ಕೇಳಿಯೇ ಮುಟ್ಟಿ.

ಇದಕ್ಕಿಂತ ದೊಡ್ಡ ಅಪಾಯ ಮರ ತಪ್ಪುವುದು. ಕತ್ತಲಲ್ಲಿ ಹಾಲೆಯೆಂದು ಕಾಸರಕದ (ತುಳುವಿನ ಕಾಯೆರ್) ತೊಗಟೆ ತಂದರೆ ಅದರಲ್ಲಿರುವುದು ಪ್ರಾಣ ತೆಗೆಯುವ ವಿಷ. ಕಾಸರಕದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಾಲು ಬರುವುದಿಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನಿಂದ ಕೊಡೆಯಂತೆ ಸುತ್ತ ಹರಡಿರುತ್ತವೆ. ಹೆಚ್ಚಾಗಿ ಏಳು, ಕೆಲವೊಮ್ಮೆ ನಾಲ್ಕೈದು. ಗಾಯವಾದಲ್ಲಿ ಬಿಳಿ ಹಾಲು ಒಸರುತ್ತದೆ. ಹಾಲು ಬಂತೆಂದು ಅಷ್ಟಕ್ಕೇ ನಂಬಬೇಡಿ. ಮುಂಬಯಿಯ ತೋಟಗಳಲ್ಲಿ ತುಂಬಿರುವ ಹಳದಿ ಕರವೀರದಲ್ಲೂ ಹಾಲಿದೆ, ಅದು ಹೃದಯವನ್ನೇ ನಿಲ್ಲಿಸಬಲ್ಲ ವಿಷ.

ಅಜ್ಜನೊಡನೆ ಗುಡ್ಡ ಹತ್ತಿದವನಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹೇಳಬೇಕು. ಗಿಡ ಬಲ್ಲವರು ಈ ನಗರದಲ್ಲಿ ಇಲ್ಲವೆಂದಲ್ಲ. ಬೊರಿವಲಿಯ ರಾಷ್ಟ್ರೀಯ ಉದ್ಯಾನ ಮತ್ತು ಆರೆಯ ಪಾಡಾಗಳಲ್ಲಿ ವಾರ್ಲಿ ಆದಿವಾಸಿಗಳಿದ್ದಾರೆ. ಮಳೆಗಾಲದಲ್ಲಿ ಆದಿವಾಸಿ ಹೆಂಗಸರು ಮಾರುಕಟ್ಟೆಗೆ ತರುವ 'ಟಾಕಳಾ' ಸೊಪ್ಪು ನಮ್ಮ ಆಟಿ ತಿಂಗಳ ತಜಂಕ್, ಅಂದರೆ ಚಗಟೆಯೇ! ಕೊಳ್ಳುವಾಗ ಮರದ ಬಗ್ಗೆಯೂ ಎರಡು ಮಾತು ಕೇಳಿ ನೋಡಿ.

ಇನ್ನೊಂದು ಉಪಾಯ. ಅಕ್ಟೋಬರ್ ನಂತರ ಹಾಲೆ ಹೂ ಬಿಡುತ್ತದೆ. ಸಂಜೆಯಾದರೆ ಇಡೀ ಗಲ್ಲಿಗೆ ಘಾಟು ಪರಿಮಳ, ಕೆಲವರಿಗೆ ತಲೆನೋವು. ಆಗಲೇ ಮಕ್ಕಳನ್ನು ಕರೆದೊಯ್ದು ಹಗಲಲ್ಲಿ ಎಲೆ ಎಣಿಸಿ, ಮರವನ್ನು ಗುರುತು ಹಾಕಿಟ್ಟುಕೊಳ್ಳಿ. ಬಸುರಿಯರು, ನಿತ್ಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕಷಾಯ ಕುಡಿಯುವುದು ಬೇಡ. ಮರದ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಆ ವರ್ಷ ಮೆಂತ್ಯದ ಗಂಜಿಯಷ್ಟೇ ಸಾಕು.