ಲೋಕಪ್ರಸಿದ್ಧವಾದ ಹಾಡು ಎಂದರೇನು? — ಕೃಷ್ಣಾತೀರದ ತತ್ತ್ವಪದ ಮತ್ತು ಅಮೆರಿಕೆಯ ಬ್ಲೂಸ್ ಹಾಡುಗಳ ಲಕ್ಷಣವಿಚಾರ

ಕಾವ್ಯದ ಪ್ರಯೋಜನಗಳನ್ನು ಎಣಿಸುವಲ್ಲಿ ಮಮ್ಮಟನು ಯಶಸ್ಸನ್ನು ಮೊದಲಿಗಿಟ್ಟು ಅರ್ಥಲಾಭವನ್ನು ಅದರ ತರುವಾಯ ಹೇಳಿರುವನು. ಈ ಕ್ರಮವು ಬರೆದ ಕಾವ್ಯಕ್ಕೆ ಸುಲಭವಾಗಿ ಹೊಂದುತ್ತದೆ; ಗ್ರಂಥವಿರುತ್ತದೆ, ಗ್ರಂಥಕರ್ತನ ಹೆಸರಿರುತ್ತದೆ, ಓದಿ ತಲೆದೂಗುವ ಸಹೃದಯರಿರುತ್ತಾರೆ. ಆದರೆ ಬಾಯಿಂದ ಬಾಯಿಗೆ ನಡೆದುಬಂದ ಹಾಡಿಗೆ ಯಶಸ್ಸೆಂದರೆ ಯಾವುದು? ಅದನ್ನು ಅಳೆಯತಕ್ಕ ಮಾನವೆಲ್ಲಿದೆ? ‘ಇದು ಅವನ ಪ್ರಸಿದ್ಧವಾದ ಪದ’ ಎಂದು ಒಬ್ಬ ಹಾಡುಗಾರನನ್ನು ಕುರಿತು ಹೇಳುವಾಗ ಯಾವ ಗುಣವನ್ನು ಕಂಡು ಹಾಗೆ ಹೇಳುತ್ತಾರೆ? ಪದಗಳನ್ನು ಸಂಗ್ರಹಿಸುವವರಿಗೂ ಪಾಠಹೇಳುವವರಿಗೂ ಈ ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ಯಾವ ಪದವನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ನಿರ್ಣಯವು ಇದರ ಉತ್ತರವನ್ನೇ ಅವಲಂಬಿಸಿರುವುದು.

ಯಾದಗಿರಿ ಜಿಲ್ಲೆಯ ನಾರಾಯಣಪುರವು ಈಗ ಬಸವಸಾಗರದಿಂದ ಹೆಸರಾಗಿರುವ ಊರು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಹಾಡಿನ ಕಡೆಯಿಂದ ನೋಡಿದರೆ ಈ ತೀರದ ಹೆಸರು ಅದಕ್ಕಿಂತ ಬಹಳ ಹಳೆಯದು. ಸಮೀಪದ ಕೊಡೇಕಲ್ಲಿನಲ್ಲಿ ಕಾಲಜ್ಞಾನದ ವಚನಗಳನ್ನು ಹೇಳಿದ ಬಸವಣ್ಣನ ಪರಂಪರೆಯಿದೆ. ನದಿಯ ಇಳಿಜಾರಿನಲ್ಲಿ ತಿಂಥಣಿಯ ಮೌನೇಶ್ವರನ ಪರಂಪರೆಯಿದೆ. ಉತ್ತರಕ್ಕೆ ಕಲಬುರ್ಗಿ ಜಿಲ್ಲೆಯ ಕಡಕೋಳದಲ್ಲಿ ತತ್ತ್ವಪದಕಾರರ ಗುರುವೆನಿಸಿದ ಮಡಿವಾಳಪ್ಪನ ಮಠವಿದೆ. ೧೯೪೮ರವರೆಗೆ ಈ ಸೀಮೆಯೆಲ್ಲ ಹೈದರಾಬಾದು ಸಂಸ್ಥಾನದೊಳಗಿದ್ದಿತು. ಕಚೇರಿಯ ಭಾಷೆ ಉರ್ದುವಾಗಿದ್ದ ಆ ಕಾಲದಲ್ಲಿ ಅಕ್ಷರವರಿಯದ ಒಕ್ಕಲಿಗನಿಗೂ ಕೂಲಿಕಾರನಿಗೂ ವೇದಾಂತವನ್ನು ಕನ್ನಡದಲ್ಲಿ ಮುಟ್ಟಿಸಿದವುಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಹಾಡುವ ಈ ಪದಗಳು ಮುಖ್ಯವಾದವು. ಆದುದರಿಂದ ಇಲ್ಲಿ ಪದದ ಪ್ರಸಿದ್ಧಿಯನ್ನು ವಿಚಾರಿಸುವುದೆಂದರೆ ಒಂದು ಸೀಮೆಯ ಭಾಷೆಯು ಹೇಗೆ ಬದುಕಿತೆಂಬುದನ್ನೂ ವಿಚಾರಿಸಿದಂತೆಯೇ ಸರಿ.

ವಸ್ತುವಿನ ಲಕ್ಷಣವನ್ನು ಹೇಳಹೊರಟವನು ಮೂರು ದೋಷಗಳನ್ನು ಬಿಡಬೇಕೆಂಬುದು ತಾರ್ಕಿಕರ ಮತ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಪ್ರಸಿದ್ಧವಾದ ಹಾಡಿಗೆ ಲೋಕದಲ್ಲಿ ಹೇಳುವ ಲಕ್ಷಣಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲನೆಯ ಲಕ್ಷಣವು ಮಾರಾಟದ್ದು. ‘ಯಾವ ಹಾಡಿನ ಮುದ್ರಿಕೆಯು ಹೆಚ್ಚಾಗಿ ಮಾರಿತೋ ಅದು ಪ್ರಸಿದ್ಧ’ ಎಂಬುದು ಈಗ ಎಲ್ಲೆಲ್ಲಿಯೂ ಕೇಳಬರುವ ಮಾತು. ಇದನ್ನು ಪರೀಕ್ಷಿಸುವುದಕ್ಕೆ ಅಮೆರಿಕೆಯ ‘ಬ್ಲೂಸ್’ ಎಂಬ ಗೇಯಪ್ರಕಾರವು ತಕ್ಕ ಉದಾಹರಣೆ. ಏಕೆಂದರೆ ಅದು ತತ್ತ್ವಪದದಂತೆಯೇ ಬಡವರ ಬಾಯಲ್ಲಿ ಹುಟ್ಟಿ, ತತ್ತ್ವಪದಕ್ಕಿಂತ ಬಹಳ ಮೊದಲೇ ಅಂಗಡಿಯನ್ನು ಸೇರಿತು. ಅಮೆರಿಕೆಯ ದಕ್ಷಿಣದ ಹತ್ತಿಯ ಸೀಮೆಗಳಲ್ಲಿ, ದಾಸ್ಯದಿಂದ ಬಿಡುಗಡೆಹೊಂದಿದ ಆಫ್ರಿಕಾ ಮೂಲದ ಜನರ ಸಂತತಿಯಲ್ಲಿ ಇದು ರೂಪುಗೊಂಡಿತು. ಮೊದಲು ಒಂದು ಸಾಲು. ಅದೇ ಸಾಲು ಮತ್ತೊಮ್ಮೆ. ಮೂರನೆಯದಾಗಿ ಅದಕ್ಕೆ ಉತ್ತರವೆಂಬಂತೆ ಪ್ರಾಸಗೂಡಿದ ಬೇರೆ ಸಾಲು. ಇಷ್ಟು ಸೇರಿ ೧೨ ತಾಳಖಂಡಗಳ ಒಂದು ಪದ್ಯ. ಇದೇ ಅದರ ಬಹುಸಾಮಾನ್ಯವಾದ ಬಂಧ. ವಿಷಯವು ಹೆಚ್ಚಾಗಿ ಲೌಕಿಕದುಃಖ: ವಿರಹ, ಸಾಲ, ಸೆರೆಮನೆ, ಊರುಬಿಟ್ಟ ಅಲೆದಾಟ. ತತ್ತ್ವಪದವು ದುಃಖವನ್ನು ಹೇಳುವುದು ಅದನ್ನು ದಾಟಿಸುವುದಕ್ಕಾಗಿ. ಬ್ಲೂಸ್ ಅದನ್ನು ಹೇಳಿ ಹಗುರಮಾಡಿಕೊಳ್ಳುತ್ತದೆ. ಈ ಭೇದವು ಇದ್ದೇ ಇದೆ. ಪ್ರಸಿದ್ಧಿಯ ವಿಚಾರದಲ್ಲಿ ಮಾತ್ರ ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಹುದು.

೧೯೨೦ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿಯು ಹಾಡಿದ ‘ಕ್ರೇಜಿ ಬ್ಲೂಸ್’ ತಟ್ಟೆಯು ಬಹುಸಂಖ್ಯೆಯಲ್ಲಿ ಮಾರಿದಾಗ, ಈ ಜನರೂ ಹಣಕೊಟ್ಟು ಹಾಡು ಕೊಳ್ಳುವರೆಂಬುದು ಕಂಪೆನಿಗಳಿಗೆ ತಿಳಿಯಿತು. ೧೯೪೨ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆಯು ಈ ಬಗೆಯ ಹಾಡುಗಳಿಗಾಗಿಯೇ ಒಂದು ಕ್ರಮಪಟ್ಟಿಯನ್ನು ಪ್ರಕಟಿಸತೊಡಗಿತು. ಆ ಪಟ್ಟಿಗೆ ಮೊದಲು ಆಧಾರವಾದುದು ನ್ಯೂಯಾರ್ಕ್ ನಗರದ ಹಾರ್ಲೆಮ್ ಎಂಬ ಒಂದೇ ಕೇರಿಯ ಅಂಗಡಿಗಳ ಲೆಕ್ಕ. ಮಿಸಿಸಿಪ್ಪಿಯ ಹಳ್ಳಿಯಲ್ಲಿ ಶನಿವಾರ ರಾತ್ರಿ ಜನರು ಕೂಗಿ ಕೇಳುತ್ತಿದ್ದ ಹಾಡಿಗೆ ಆ ಲೆಕ್ಕದಲ್ಲಿ ಎಡೆಯೆಲ್ಲಿ? ಹಸುವಿನ ಬಣ್ಣವನ್ನು ಹಿಡಿದು ಲಕ್ಷಣ ಹೇಳಿದಂತೆಯೇ ಇದು ಆಯಿತು.

ರಾಬರ್ಟ್ ಜಾನ್ಸನ್ನನ ಕಥೆಯು ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಆತನು ೧೯೩೬ ಮತ್ತು ೧೯೩೭ರಲ್ಲಿ, ಎರಡು ಸಲ ಮಾತ್ರ, ಟೆಕ್ಸಾಸ್ ಪ್ರಾಂತದಲ್ಲಿ ಮುದ್ರಣಯಂತ್ರದ ಮುಂದೆ ಕುಳಿತು ೨೯ ಹಾಡುಗಳನ್ನು ಹಾಡಿ, ೧೯೩೮ರಲ್ಲಿ ತೀರಿಕೊಂಡನು. ಬದುಕಿದ್ದಾಗ ತಕ್ಕಮಟ್ಟಿಗೆ ಮಾರಿದುದು ‘ಟೆರಾಪ್ಲೇನ್ ಬ್ಲೂಸ್’ ಎಂಬ ಹಾಡು. ಮೋಟಾರುಗಾಡಿಯೊಂದರ ಹೆಸರು ಅದರಲ್ಲಿ ಶ್ಲೇಷೆಯಾಗಿ ನಿಂತಿದೆ. ಇಂದು ಲೋಕವು ಆತನ ಹೆಸರಿನೊಡನೆ ನೆನೆಯುವುದು ‘ಕ್ರಾಸ್ ರೋಡ್ ಬ್ಲೂಸ್’ ಎಂಬುದನ್ನು. ೧೯೬೧ರಲ್ಲಿ ಆತನ ಹಾಡುಗಳು ದೊಡ್ಡ ತಟ್ಟೆಯಾಗಿ ಮತ್ತೆ ಹೊರಬಂದ ಮೇಲೆ ಬೇರೆ ಹಾಡುಗಾರರು ಅದನ್ನು ಎತ್ತಿಕೊಂಡರು. ೧೯೯೦ರಲ್ಲಿ ಬಂದ ಸಮಗ್ರಸಂಗ್ರಹಕ್ಕೆ ಲಕ್ಷಗಟ್ಟಲೆ ಗ್ರಾಹಕರು ದೊರೆತರು. ಮಾರಾಟವೇ ಲಕ್ಷಣವಾದರೆ ಆ ಹಾಡು ೧೯೩೭ರಲ್ಲಿ ಅಪ್ರಸಿದ್ಧ, ೧೯೯೦ರಲ್ಲಿ ಪ್ರಸಿದ್ಧ ಎಂದಾಗುವುದು. ಹಾಡಿನೊಳಗೆ ಒಂದಕ್ಷರವೂ ಬದಲಾಗಿಲ್ಲ, ಬದಲಾದುದು ಅಂಗಡಿ. ಕಡಕೋಳದ ಮಡಿವಾಳಪ್ಪನು ಬದುಕಿದ್ದ ಕಾಲದಲ್ಲಿಯಾದರೋ ಧ್ವನಿಮುದ್ರಿಕೆಯೇ ಹುಟ್ಟಿರಲಿಲ್ಲ. ಆತನ ಪದಗಳಿಗೆ ಆ ಕಾಲದಲ್ಲಿ ಈ ಲಕ್ಷಣವು ಅಸಂಭವವೇ.

ಎರಡನೆಯ ಲಕ್ಷಣವು ಬಹುಮುಖತೆಯದು: ‘ಯಾವ ಹಾಡನ್ನು ಬಹುಜನರು ಹಾಡುವರೋ ಅದು ಪ್ರಸಿದ್ಧ.’ ಇದು ಮೊದಲನೆಯದಕ್ಕಿಂತ ಲೇಸು; ಆದರೂ ಅತಿವ್ಯಾಪ್ತಿಯ ದೋಷವು ಇದಕ್ಕುಂಟು. ಜೋಗುಳವನ್ನು ಎಲ್ಲ ತಾಯಂದಿರೂ ಹಾಡುತ್ತಾರೆ. ಮಂಗಳಾರತಿಯ ಪದವನ್ನು ಎಲ್ಲ ಮನೆಗಳಲ್ಲಿಯೂ ಹೇಳುತ್ತಾರೆ. ಸಂದರ್ಭವು ಬೇಡಿದುದರಿಂದ ಅವುಗಳನ್ನು ಹಾಡುವರಲ್ಲದೆ, ಇಂಥವನ ಪದವೇ ಬೇಕೆಂದು ಆರಿಸಿಕೊಂಡು ಹಾಡುವುದಿಲ್ಲ. ಇಲ್ಲಿ ವಿಚಾರಿಸತಕ್ಕುದಾದರೋ ‘ಒಬ್ಬ ಹಾಡುಗಾರನಿಗೆ ಸಂಬಂಧಿಸಿದ ಪ್ರಸಿದ್ಧಪದ’ವನ್ನು. ಬ್ಲೂಸಿನಲ್ಲಿಯೂ ಯಾರದೆಂದು ಹೇಳಲಾಗದ ಅಲೆಮಾರಿ ಸಾಲುಗಳು ಅನೇಕವಿವೆ. ಅವು ಒಬ್ಬನ ಹಾಡಿನಿಂದ ಇನ್ನೊಬ್ಬನ ಹಾಡಿಗೆ ನಡೆದುಹೋಗುತ್ತವೆ. ಬಹುಜನರ ಬಾಯಲ್ಲಿವೆಯಾದರೂ ಅವು ಯಾರೊಬ್ಬರ ಪ್ರಸಿದ್ಧಿಗೂ ಸಲ್ಲುವುದಿಲ್ಲ.

ಇನ್ನೊಂದು ತೊಡಕೂ ಇಲ್ಲಿದೆ. ‘ದಿ ಥ್ರಿಲ್ ಈಸ್ ಗಾನ್’ ಎಂಬ ಹಾಡನ್ನು ರಿಕ್ ಡಾರ್ನೆಲ್ಲನೊಡನೆ ಸೇರಿ ಕಟ್ಟಿ, ೧೯೫೧ರಲ್ಲಿ ಹಾಡಿ ಹೆಸರುಮಾಡಿದವನು ರಾಯ್ ಹಾಕಿನ್ಸ್ ಎಂಬವನು. ೧೯೭೦ರಲ್ಲಿ ಅದೇ ಹಾಡು ಬಿ. ಬಿ. ಕಿಂಗ್ ಎಂಬ ಗಾಯಕನ ದನಿಯಲ್ಲಿ ದೇಶವ್ಯಾಪಿಯಾಯಿತು. ಈಗ ಆ ಹಾಡಿನ ಹೆಸರೆತ್ತಿದರೆ ನೆನಪಿಗೆ ಬರುವವನು ಕಿಂಗ್ ಮಾತ್ರ. ಹಾಕಿನ್ಸನನ್ನು ಬಲ್ಲವರು ವಿರಳ. ಹಾಡು ಗೆದ್ದಿತು, ಮೊದಲು ಹಾಡಿದವನು ಮರೆಯಾದನು. ಬಾಯಿಗಳನ್ನು ಎಣಿಸಿದರೆ ಈ ನಷ್ಟವು ಕಾಣುವುದಿಲ್ಲ.

ಆದುದರಿಂದ ಮೂರನೆಯ ಲಕ್ಷಣವನ್ನು ಹೇಳಬೇಕಾಗುತ್ತದೆ. ಅದನ್ನು ಭಜನೆಯ ರೂಢಿಯಿಂದಲೇ ತೆಗೆಯಬಹುದು. ಕೃಷ್ಣಾತೀರದ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ, ಜಾತ್ರೆಯಲ್ಲಿ, ಸತ್ತವರ ಮನೆಯ ಜಾಗರಣೆಯಲ್ಲಿ ಭಜನೆಯ ಮೇಳ ಕೂರುತ್ತದೆ. ಮುಂದಾಳು ಪಲ್ಲವಿಯನ್ನೆತ್ತುತ್ತಾನೆ; ಹಿಮ್ಮೇಳವು ಅದನ್ನು ಹಿಡಿದು ತಿರುಗಿ ಹೇಳುತ್ತದೆ; ಚರಣಕ್ಕೊಮ್ಮೆ ಪಲ್ಲವಿ ಮರಳಿ ಬರುತ್ತದೆ. ಸ್ತುತಿಯ ಪದಗಳು ಮುಗಿದು ಇರುಳು ಬಲಿತ ಮೇಲೆ ಕೇಳುವವರಿಂದ ಬೇಡಿಕೆ ಹುಟ್ಟುತ್ತದೆ: ಇಂಥವರ ಇಂಥ ಪದವಾಗಲಿ ಎಂದು. ತತ್ತ್ವಪದಕ್ಕೆ ಬೇರೆ ಹೆಸರಿಲ್ಲ. ಪಲ್ಲವಿಯ ಮೊದಲ ಮಾತೇ ಅದರ ಹೆಸರು. ಆದ್ದರಿಂದ ಬೇಡುವವನು ಪಲ್ಲವಿಯನ್ನು ಬಲ್ಲವನೇ ಆಗಿರುವನು. ಅರಿತ ಪದವನ್ನೇ ಮತ್ತೆ ಕೇಳಲು ಬಯಸುವನು. ಇದು ಪ್ರಸಿದ್ಧಿಯ ಮೊದಲನೆಯ ಅಂಗ. ಆ ಪದವನ್ನು ಕಟ್ಟಿದವನ ಶಿಷ್ಯನಲ್ಲದ, ಆತನ ಮಠಕ್ಕೆ ನಡೆದುಕೊಳ್ಳದ ಬೇರೆ ಊರಿನ ಮೇಳವೂ ಅದನ್ನು ಕಲಿತು ಹಾಡುವುದು ಎರಡನೆಯ ಅಂಗ. ಹಾಗೆ ಹಾಡುವಾಗ ಕಡೆಯ ಚರಣದಲ್ಲಿ ಕಟ್ಟಿದವನ ಅಂಕಿತವು ಅಳಿಯದೆ ಮರಳಿ ಬರುವುದು ಮೂರನೆಯ ಅಂಗ. ಬೇಡಿಕೆ, ಸಂಚಾರ, ಅಂಕಿತರಕ್ಷೆ: ಈ ಮೂರೂ ಕೂಡಿದುದೇ ಲೋಕಪ್ರಸಿದ್ಧವಾದ ಪದ.

ಮೂರನೆಯ ಅಂಗವನ್ನು ಕುರಿತು ಇನ್ನಷ್ಟು ಹೇಳಬೇಕು. ಶಿಶುನಾಳ ಶರೀಫರ (೧೮೧೯–೧೮೮೯) ಪದಗಳಲ್ಲಿ ಶಿಶುನಾಳಾಧೀಶನ ಹೆಸರೂ, ಮಡಿವಾಳಪ್ಪನ ಪದಗಳಲ್ಲಿ ಗುರು ಮಹಾಂತನ ಹೆಸರೂ ಅಂಕಿತವಾಗಿ ನಿಂತಿರುವುದು ಪ್ರಸಿದ್ಧವೇ. ಅಂಕಿತವು ಭಕ್ತಿಯ ಕುರುಹಷ್ಟೇ ಅಲ್ಲ. ಲಿಪಿಯಿಲ್ಲದೆ ನಡೆದ ಸಾಹಿತ್ಯಕ್ಕೆ ಅದೇ ಹಸ್ತಮುದ್ರೆ. ಅದು ಪ್ರಾಸದೊಳಗೂ ತಾಳದೊಳಗೂ ಹೆಣೆದುಕೊಂಡಿರುವುದರಿಂದ ಕಿತ್ತುಹಾಕಿದರೆ ಪದವೇ ಕುಂಟುತ್ತದೆ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮುಂತಾದ ಮಡಿವಾಳಪ್ಪನ ಶಿಷ್ಯವರ್ಗದವರು ಬೇರೆಬೇರೆ ಜಾತಿಮತಗಳಲ್ಲಿ ಹುಟ್ಟಿಯೂ ಒಂದೇ ಭಜನೆಯಲ್ಲಿ ಒಬ್ಬರ ತರುವಾಯ ಒಬ್ಬರು ಕೇಳಬರುವುದು, ಕೇಳಿದವರು ಅವರನ್ನು ಬೇರೆಬೇರೆಯಾಗಿ ಗುರುತಿಸುವುದು, ಈ ಮುದ್ರೆಯ ಬಲದಿಂದಲೇ. ಬ್ಲೂಸಿನ ಹಾಡುಗಾರನಿಗೆ ಇಂತಹ ರಕ್ಷೆಯು ರೂಢಿಯಲ್ಲಿರಲಿಲ್ಲ. ಆತನ ಸ್ವತ್ತು ಕಂಪೆನಿಯ ಕಾಗದಪತ್ರವನ್ನು ನೆಚ್ಚಿಕೊಂಡಿದ್ದಿತು. ಒಂದು ಮೊತ್ತವನ್ನು ತೆಗೆದುಕೊಂಡು ಹಕ್ಕನ್ನು ಬಿಟ್ಟುಕೊಟ್ಟವರು ಅನೇಕರು.

ಅಂಕಿತದ ರಕ್ಷೆಗೂ ಎರಡು ಭಯಗಳುಂಟು. ಮೊದಲನೆಯದು ದೊಡ್ಡ ಹೆಸರಿನ ಸೆಳೆತ. ದಾಸರ ಪದಗಳಲ್ಲಿ ಒಂದೇ ಕೀರ್ತನೆಯು ಎರಡು ಅಂಕಿತಗಳಲ್ಲಿ ದೊರೆಯುವುದನ್ನು ಸಂಪಾದಕರು ಬಲ್ಲರು. ಹಾಗೆಯೇ ಸಣ್ಣ ಊರಿನ ಪದಕಾರನ ಒಳ್ಳೆಯ ಪದವೊಂದು ಕಾಲಕ್ರಮದಲ್ಲಿ ದೊಡ್ಡ ಗುರುವಿನ ಅಂಕಿತವನ್ನು ತೊಟ್ಟುಕೊಳ್ಳುವ ಸಂಭವವಿದೆ. ಎರಡನೆಯದು ಯಂತ್ರದ ಕಾಲಮಿತಿ. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮುಖವು ಸುಮಾರು ೩ ನಿಮಿಷಗಳಿಗೆ ಮುಗಿಯುತ್ತಿದ್ದಿತು. ಇರುಳೆಲ್ಲ ಹಾಡುವ ಮೇಳವು ಚರಣಗಳನ್ನು ನಿಧಾನವಾಗಿ ಬಿಡಿಸಿ ಹೇಳುವ ಪದವನ್ನು ಅಷ್ಟರೊಳಗೆ ಇಳಿಸಬೇಕಾದರೆ ಚರಣಗಳನ್ನು ಕತ್ತರಿಸದೆ ಗತಿಯಿಲ್ಲ. ಕತ್ತರಿಯು ಕಡೆಯ ಚರಣಕ್ಕೆ ತಗುಲಿದರೆ ಕರ್ತೃವಿನ ಹೆಸರೇ ಹೋಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಶರೀಫರ ಪದಗಳು ಸಿ. ಅಶ್ವಥ್ ಅವರ ಗಾಯನದಿಂದಲೂ, ೧೯೯೦ರ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರದಿಂದಲೂ ಅಲ್ಲವೇ ಮನೆಮನೆಗೆ ಹೋದವು. ಹಾಗಿರುವಲ್ಲಿ ಯಂತ್ರವನ್ನೂ ಮಾರಾಟವನ್ನೂ ಅಲ್ಲಗಳೆಯುವುದು ಸರಿಯೇ? ಸರಿಯಲ್ಲ. ಯಂತ್ರವು ಸಂಚಾರಕ್ಕೆ ಸಹಕಾರಿಯಾದ ಕಾರಣ, ಪ್ರಸಿದ್ಧಿಯ ಸ್ವರೂಪವಲ್ಲ. ಒಂದು ನೂರುವರ್ಷ ಭಜನೆಯ ಬೇಡಿಕೆಯು ಆ ಪದಗಳನ್ನು ಬದುಕಿಸಿಟ್ಟಿರದಿದ್ದರೆ ಯಂತ್ರಕ್ಕೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ. ಇಂದು ಯೂಟ್ಯೂಬಿನಲ್ಲಿ ಕಾಣುವ ವೀಕ್ಷಕರ ಸಂಖ್ಯೆಗೂ ಇದೇ ಸಮಾಧಾನ. ಆ ಸಂಖ್ಯೆಯು ಎಷ್ಟು ಸಲ ತೆರೆದರೆಂಬುದನ್ನು ಹೇಳುತ್ತದೆ. ಕಲಿತು ಹಾಡಿದವರೆಷ್ಟು ಮಂದಿ, ಅಂಕಿತವನ್ನು ಉಳಿಸಿದವರೆಷ್ಟು ಮಂದಿ ಎಂಬುದನ್ನು ಹೇಳುವುದಿಲ್ಲ.

ಈ ಲಕ್ಷಣವನ್ನು ಒಪ್ಪಿದರೆ ಸಂಪಾದನಕಾರ್ಯದಲ್ಲಿ ಎರಡು ಮಾರ್ಪಾಡುಗಳಾಗಬೇಕು. ಪಾಠಾಂತರಗಳನ್ನು ಅಪಪಾಠಗಳೆಂದು ಅಡಿಟಿಪ್ಪಣಿಗೆ ತಳ್ಳುವುದು ಗ್ರಂಥಸ್ಥ ಕಾವ್ಯಕ್ಕೆ ಸಲ್ಲುವ ಪದ್ಧತಿ. ತತ್ತ್ವಪದದಲ್ಲಿ ಪಾಠಾಂತರವು ಸಂಚಾರಕ್ಕೆ ಸಾಕ್ಷಿ; ಐದು ಊರುಗಳಲ್ಲಿ ಐದು ಪಾಠಗಳಿದ್ದರೆ ಪದವು ಐದು ಮೇಳಗಳಲ್ಲಿ ಬದುಕಿತೆಂದು ಅರ್ಥ. ಆದುದರಿಂದ ಪಾಠದೊಡನೆ ಊರನ್ನೂ ಹಾಡಿದ ಸಂದರ್ಭವನ್ನೂ ಬರೆದಿಡಬೇಕು. ಎರಡನೆಯದಾಗಿ, ಪದವನ್ನು ಬರೆದುಕೊಳ್ಳುವವನು ಹಾಡುವವನನ್ನು ಮಾತ್ರ ವಿಚಾರಿಸಿ ಸುಮ್ಮನಾಗಬಾರದು. ಬೇಡಿದವರು ಯಾರು, ಜಾತ್ರೆಯಲ್ಲಿ ಬೇಡಿದರೋ ಸಾವಿನ ಮನೆಯಲ್ಲಿ ಬೇಡಿದರೋ, ಕಡೆಯ ಚರಣವನ್ನು ಹಾಡಿದರೋ ಬಿಟ್ಟರೋ ಎಂಬುದನ್ನೂ ಕೇಳಬೇಕು. ಪಾಠಹೇಳುವವರಿಗೂ ಇದರಲ್ಲಿ ಪ್ರಯೋಜನವುಂಟು. ಪಠ್ಯದಲ್ಲಿ ಅಚ್ಚಾದ ಎರಡು ಚರಣಗಳನ್ನು ಹೇಳಿ ನಿಲ್ಲಿಸದೆ, ಅಂಕಿತದ ಚರಣದವರೆಗೆ ನಡೆದರೆ ವಿದ್ಯಾರ್ಥಿಗೆ ಪದದ ಅರ್ಥದೊಡನೆ ಪದಕಾರನ ಪರಿಚಯವೂ ಆಗುವುದು.

ಹಾಗೆ ಮಾಡದಿದ್ದರೆ ಆಗುವ ಹಾನಿಯು ಸ್ಪಷ್ಟವಾಗಿದೆ. ಮಾರಿದುದೇ ಪ್ರಸಿದ್ಧ, ಪ್ರಸಿದ್ಧವಾದುದೇ ಪಾಠ್ಯ ಎಂಬ ಕ್ರಮವು ನಿಂತರೆ, ಮುದ್ರಿಕೆಗೆ ಏರದ ಪದಕಾರರೆಲ್ಲರೂ ಇಲ್ಲದವರಂತೆಯೇ ಆಗುವರು. ನಾರಾಯಣಪುರದ ಸುತ್ತಣ ಊರುಗಳ ಹಿರಿಯ ಭಜನೆಗಾರರಲ್ಲಿ ಬಾಯಿಪಾಠವಾಗಿ ಮಾತ್ರ ಇರುವ ಪದಗಳು ಅವರೊಡನೆ ಮುಗಿಯುವವು. ಮಮ್ಮಟನು ಯಶಸ್ಸನ್ನೂ ಅರ್ಥವನ್ನೂ ಬೇರೆಬೇರೆಯಾಗಿ ಎಣಿಸಿದುದು ನಿಷ್ಕಾರಣವಲ್ಲ. ಎರಡನೆಯದನ್ನು ಅಂಗಡಿಯ ಲೆಕ್ಕದಿಂದ ತಿಳಿಯಬಹುದು. ಮೊದಲನೆಯದನ್ನು ತಿಳಿಯಬೇಕಾದರೆ ಇರುಳೆಲ್ಲ ಭಜನೆಯಲ್ಲಿ ಕುಳಿತು ಜನರು ಯಾವ ಪದವನ್ನು ಬೇಡುವರೆಂಬುದನ್ನು ಕೇಳಬೇಕು.